ಬಾಡಿಗೆಗೊಂದು ಮನೆ ಕಟ್ಟುವ ಮುನ್ನ

(ಮೊಹಲ್ಲಾ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಈ ಸಭೆಯ ಸಂಘಟಕರು ನನಗೆ ಕೊಟ್ಟ ವಿಷಯ ತುಸು ವಿಚಿತ್ರವಾದುದು. ನಮಾಝ್, ಉಪವಾಸ, ಮಕ್ಕಳ ಶಿಕ್ಷಣ ಅಥವಾ ವರದಕ್ಷಿಣೆಯ ಕುರಿತು ಮಾತಾಡಲು ಹೇಳಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ ಅವರು ಕೇಳಿಕೊಂಡದ್ದು, 'ಕೈಯಲ್ಲಿ ನಾಲ್ಕು ಕಾಸು ಇರುವ ಮಧ್ಯಮ ವರ್ಗದ ಕುಟುಂಬವೊಂದು ಬಾಡಿಗೆಯ ಆದಾಯಕ್ಕಾಗಿ ಮನೆಯನ್ನೋ ಅಂಗಡಿಯನ್ನೋ ಮಾಡಿಕೊಳ್ಳಬೇಕೆಂದಿದ್ದರೆ ಎಲ್ಲಿಂದ ಆರಂಭಿಸಬೇಕು?' ಎಂಬ ಕುರಿತು ಮಾತಾಡಬೇಕೆಂದು. ಮದ್ರಸದಲ್ಲಿ ಕಲಿತವನೊಬ್ಬ ಬಾಡಿಗೆಯ ಲೆಕ್ಕ ಹೇಳುವುದೇ ಎಂದು ಕೆಲವರು ನಕ್ಕರು. ನಾನು ಅವರಿಗೆ ಹೇಳಿದ್ದಿಷ್ಟೆ: ಹನಫಿಗಳ ಪ್ರಸಿದ್ಧ ಕರ್ಮಶಾಸ್ತ್ರ ಗ್ರಂಥವಾದ 'ಹಿದಾಯಾ'ದಲ್ಲಿ ನಮಾಝ್‌ಗೆ ಅಧ್ಯಾಯವಿರುವಂತೆಯೇ 'ಇಜಾರಾ'ಕ್ಕೂ, ಅಂದರೆ ಬಾಡಿಗೆಗೂ, ಒಂದು ಅಧ್ಯಾಯವಿದೆ. ನಾವು ಮೊದಲನೆಯದನ್ನು ಮಸೀದಿಯಲ್ಲಿ ಓದಿದೆವು, ಎರಡನೆಯದನ್ನು ದಲ್ಲಾಳಿಗೆ ಬಿಟ್ಟುಕೊಟ್ಟೆವು. ನಮ್ಮ ಅನೇಕ ಸಂಕಟಗಳ ಮೂಲ ಅಲ್ಲಿದೆ.

ಮೊದಲು ಒಂದು ಹಿನ್ನೆಲೆ. ಬಡ್ಡಿ ನಿಷಿದ್ಧ ಎಂಬ ಕಾರಣಕ್ಕೆ ನಮ್ಮ ಅನೇಕ ಕುಟುಂಬಗಳು ಬ್ಯಾಂಕಿನ ಠೇವಣಿಯಿಂದ ದೂರ ಉಳಿಯುತ್ತವೆ. ಇದು ಶ್ಲಾಘನೀಯವೇ. ಆದರೆ ಉಳಿತಾಯದ ಹಣವನ್ನು ಏನು ಮಾಡಬೇಕು? ಈ ಪ್ರಶ್ನೆಗೆ ನಾವು ಸಮುದಾಯವಾಗಿ ಉತ್ತರ ಕೊಡಲಿಲ್ಲ. 2008ರಲ್ಲಿ ರಘುರಾಂ ರಾಜನ್ ನೇತೃತ್ವದ ಸಮಿತಿಯು ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಇರಬೇಕೆಂದು ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಹೀಗೆ ಒಂದು ಬಾಗಿಲು ಮುಚ್ಚಿತು. ತೆರೆದಿದ್ದ ಇನ್ನೊಂದು ಬಾಗಿಲಿನಿಂದ ವಂಚಕರು ಒಳಬಂದರು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ, ಶಿವಾಜಿನಗರದಲ್ಲಿ ದೂರು ಕೊಡಲು ಸಾಲುಗಟ್ಟಿ ನಿಂತಿದ್ದ ಬುರ್ಖಾಧಾರಿ ತಾಯಂದಿರ ಚಿತ್ರ ನಿಮಗೆ ನೆನಪಿರಬಹುದು. ಮಗಳ ಮದುವೆಗೆಂದು ಇಟ್ಟದ್ದು, ಹಜ್ಜ್‌ಗೆಂದು ಕೂಡಿಸಿದ್ದು, ಪತಿಯ ನಿವೃತ್ತಿಯ ಹಣ, ಎಲ್ಲವನ್ನೂ 'ಹಲಾಲ್ ಲಾಭಾಂಶ' ಎಂಬ ಎರಡು ಪದಗಳನ್ನು ನಂಬಿ ಕೊಟ್ಟವರು ಅವರು. ಆ ಹಣ ಯಾವ ವ್ಯಾಪಾರದಲ್ಲಿದೆ ಎಂದು ಕೇಳುವ ರೂಢಿ ನಮ್ಮಲ್ಲಿರಲಿಲ್ಲ.

ಆ ಬಳಿಕ ನಮ್ಮ ಪಟ್ಟಣಗಳಲ್ಲಿ ಹೊಸ ಮಾತು ಕೇಳಿಸತೊಡಗಿತು: 'ಇನ್ನು ಯಾರನ್ನೂ ನಂಬುವುದು ಬೇಡ. ಕಣ್ಣಿಗೆ ಕಾಣುವ ಕಲ್ಲು, ಸಿಮೆಂಟಿನಲ್ಲಿ ಹಣ ಹಾಕೋಣ. ತಿಂಗಳಿಗೆ ಬಾಡಿಗೆ ಬರುತ್ತದೆ.' ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. 2017ರ ಜುಲೈಯಿಂದ ಸೌದಿ ಅರೇಬಿಯವು ವಿದೇಶಿ ನೌಕರರ ಅವಲಂಬಿತರ ಮೇಲೆ ಮಾಸಿಕ ಶುಲ್ಕ ವಿಧಿಸಿತು. 2020ರಲ್ಲಿ ಕೊರೋನ ಬಂತು. ಮರಳಿ ಬಂದವರ ಕೈಯಲ್ಲಿ ಜೀವಮಾನದ ಗಳಿಕೆಯ ಒಂದು ಗಂಟು ಇತ್ತು, ಮುಂದಿನ ಕೆಲಸ ಇರಲಿಲ್ಲ. ಸಹಜವಾಗಿಯೇ ಅವರ ದೃಷ್ಟಿ ಮನೆ, ಫ್ಲ್ಯಾಟ್, ಅಂಗಡಿ ಕೋಣೆಗಳ ಕಡೆಗೆ ಹೊರಳಿತು.

ಇದು ತಪ್ಪೇ? ಖಂಡಿತ ಅಲ್ಲ. ಇಸ್ಲಾಮ್ ಬಡ್ಡಿಯನ್ನು ನಿಷೇಧಿಸಿದೆ, ಬಾಡಿಗೆಯನ್ನು ಅನುಮತಿಸಿದೆ. ಎರಡರಲ್ಲೂ ಕುಳಿತಲ್ಲಿಗೇ ಹಣ ಬರುತ್ತದಲ್ಲವೇ, ವ್ಯತ್ಯಾಸವೇನು ಎಂದು ಯುವಕರು ಕೇಳುತ್ತಾರೆ. ವ್ಯತ್ಯಾಸ ಹೊಣೆಗಾರಿಕೆಯಲ್ಲಿದೆ. ಸಾಲ ಕೊಟ್ಟವನ ಹಣಕ್ಕೆ ಏನೂ ಆಗುವುದಿಲ್ಲ. ಸಾಲ ಪಡೆದವನ ಅಂಗಡಿ ಸುಟ್ಟುಹೋದರೂ ಬಡ್ಡಿ ಓಡುತ್ತಲೇ ಇರುತ್ತದೆ. ಬಾಡಿಗೆಗೆ ಕೊಟ್ಟವನ ಮನೆಯಾದರೋ ಸವೆಯುತ್ತದೆ, ಸೋರುತ್ತದೆ, ಖಾಲಿ ಬೀಳುತ್ತದೆ. ಆ ನಷ್ಟ ಮಾಲಕನದ್ದು. ಮನೆ ವಾಸಕ್ಕೆ ಅಯೋಗ್ಯವಾದರೆ ಬಾಡಿಗೆ ಕೇಳುವ ಹಕ್ಕೂ ಅವನಿಗೆ ಉಳಿಯುವುದಿಲ್ಲ. ಕೊಡುವ ಸೌಕರ್ಯಕ್ಕೆ ಪ್ರತಿಫಲ, ಹೊರುವ ಹೊಣೆಗೆ ಲಾಭ. ಇದನ್ನು ನೀವು ನೆನಪಿಟ್ಟುಕೊಂಡರೆ ಮುಂದೆ ನಾನು ಹೇಳುವ ಎಲ್ಲವೂ ಅದರಿಂದಲೇ ಹೊರಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಬ್ಬರು 40 ಲಕ್ಷ ರೂಪಾಯಿ ಕೊಟ್ಟು ಒಂದು ಫ್ಲ್ಯಾಟ್ ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 12 ಸಾವಿರ ಬಾಡಿಗೆ. ವರ್ಷಕ್ಕೆ 1 ಲಕ್ಷ 44 ಸಾವಿರ. ಅಂದರೆ ಶೇ. 3.6. ಇದು ಕಾಗದದ ಮೇಲಿನ ಲೆಕ್ಕ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಉಳಿದರೆ 12 ಸಾವಿರ ಹೋಯಿತು. ಆಸ್ತಿ ತೆರಿಗೆ ಇತ್ಯಾದಿಗೆ 6 ಸಾವಿರ, ಬಣ್ಣ, ನಲ್ಲಿ, ವಯರಿಂಗ್, ಕಟ್ಟಡದ ನಿರ್ವಹಣೆ ಎಂದು 14 ಸಾವಿರ. ಉಳಿದದ್ದು 1 ಲಕ್ಷ 12 ಸಾವಿರ, ಅಂದರೆ ಶೇ. 2.8. ನಮ್ಮ ದೇಶದ ವಾಸದ ಮನೆಗಳ ಬಾಡಿಗೆ ಆದಾಯವು ಸಾಮಾನ್ಯವಾಗಿ ಬೆಲೆಯ ಶೇ. 2ರಿಂದ 4ರ ಆಸುಪಾಸಿನಲ್ಲೇ ಇರುತ್ತದೆ. ಇದರ ಮೇಲೆ ಖರೀದಿಯ ಖರ್ಚು ಬೇರೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್, ಮತ್ತು 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿಸಲಾದ ನೋಂದಣಿ ಶುಲ್ಕ. ಅಂದರೆ ಎರಡು ವರ್ಷಗಳಿಗೂ ಹೆಚ್ಚಿನ ಬಾಡಿಗೆ ಮೊದಲ ದಿನವೇ ಖರ್ಚಾಗಿ ಹೋಗಿರುತ್ತದೆ.

ಆದ್ದರಿಂದ 'ಬಾಡಿಗೆಯಿಂದಲೇ ಮನೆ ನಡೆಯುತ್ತದೆ' ಎಂಬ ದಲ್ಲಾಳಿಯ ಮಾತನ್ನು ಕೇಳಿ ಇದ್ದದ್ದೆಲ್ಲವನ್ನೂ ಒಂದೇ ಫ್ಲ್ಯಾಟಿಗೆ ಸುರಿಯಬೇಡಿ. ಮನೆಯ ಬೆಲೆ ಏರುತ್ತದೆಯಲ್ಲಾ ಎನ್ನುತ್ತೀರಿ. ಏರಬಹುದು, ಏರದೆಯೂ ಇರಬಹುದು. ಆದರೆ ಆಸ್ಪತ್ರೆಯ ಬಿಲ್ಲನ್ನು ಮನೆಯ ಒಂದು ಗೋಡೆ ಮಾರಿ ಕಟ್ಟಲಾಗುವುದಿಲ್ಲ. ಕನಿಷ್ಠ ಆರು ತಿಂಗಳ ಮನೆಖರ್ಚು ಕೈಯಲ್ಲಿ ಪ್ರತ್ಯೇಕವಾಗಿ ಇರುವವರು ಮಾತ್ರ, ಕೊಡಬೇಕಾದ ಸಾಲಗಳನ್ನು ತೀರಿಸಿದ ಬಳಿಕ ಮಾತ್ರ, ಬಾಡಿಗೆ ಮನೆಯ ಕುರಿತು ಯೋಚಿಸಬೇಕು. ಇತರರಿಗೆ ಕೊಡಬೇಕಾದ ಹಣವನ್ನು ಬಾಕಿಯಿಟ್ಟು ಮಹಡಿ ಕಟ್ಟುವುದು ಯಾವ ಧರ್ಮದಲ್ಲೂ ಗೌರವದ ವಿಷಯವಲ್ಲ.

ಸಾಲ ಮಾಡಿ ಕೊಂಡರೆ? ಶೇ. 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ 25 ಲಕ್ಷ ಪಡೆದರೆ ತಿಂಗಳ ಕಂತು ಸುಮಾರು 22,500 ರೂಪಾಯಿ. ಬರುವ ಬಾಡಿಗೆ 12 ಸಾವಿರ. ಅವಧಿ ಮುಗಿಯುವಾಗ ಕೊಟ್ಟಿರುವ ಬಡ್ಡಿಯೇ ಸುಮಾರು 29 ಲಕ್ಷ. ಅಂದರೆ ಅಸಲಿಗಿಂತಲೂ ಹೆಚ್ಚು. ಬಡ್ಡಿಯ ಕುರಿತು ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 275ರಿಂದ 279ರ ವರೆಗಿನ ಸೂಕ್ತಗಳು ಎಷ್ಟು ಕಠಿಣ ಎಂಬುದು ನಿಮಗೆ ಗೊತ್ತು. ವಾಸಕ್ಕೊಂದು ಸೂರಿಲ್ಲದವನ ಅನಿವಾರ್ಯತೆಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೆ ಎರಡನೇ ಮನೆಯನ್ನು ಕೊಂಡು ಬಾಡಿಗೆಗೆ ಬಿಡುವವನಿಗೆ ಯಾವ ಅನಿವಾರ್ಯತೆ ಇದೆ? ಇಲ್ಲಿ ಶರೀಅತ್ ಮತ್ತು ಗಣಿತ ಒಂದೇ ಮಾತನ್ನು ಹೇಳುತ್ತಿವೆ.

ಹಾಗಾದರೆ ಸಾಮಾನ್ಯ ಕುಟುಂಬ ಎಲ್ಲಿಂದ ಆರಂಭಿಸಬೇಕು? ನನ್ನ ಉತ್ತರ: ನಿಮ್ಮಲ್ಲಿ ಈಗಾಗಲೇ ಇರುವುದರಿಂದ. ಸ್ವಂತ ಮನೆ ಇದ್ದು, ತಳಪಾಯ ಗಟ್ಟಿಯಾಗಿದ್ದು, ಸ್ಥಳೀಯ ಸಂಸ್ಥೆಯ ಪರವಾನಿಗೆ ಸಿಗುವಂತಿದ್ದರೆ ಮೇಲೊಂದು ಪುಟ್ಟ ಮನೆ ಕಟ್ಟುವುದು ಬಹುತೇಕರಿಗೆ ಸೂಕ್ತವಾದ ಮೊದಲ ಹೆಜ್ಜೆ. ಜಾಗಕ್ಕೆ ಮತ್ತೆ ಹಣ ಕೊಡಬೇಕಾಗಿಲ್ಲ. 14 ಲಕ್ಷದಲ್ಲಿ ಕಟ್ಟಿ 9 ಸಾವಿರ ಬಾಡಿಗೆ ಬಂದರೂ ವರ್ಷಕ್ಕೆ 1 ಲಕ್ಷ 8 ಸಾವಿರ, ಹೂಡಿದ ಹಣದ ಶೇ. 7.7 ಆಗುತ್ತದೆ. ಮನೆ ಕಣ್ಣೆದುರಿಗಿರುತ್ತದೆ. ಬಾಡಿಗೆದಾರನ ನಲ್ಲಿ ಕೆಟ್ಟರೆ ಮೇಲೆ ಹತ್ತಿ ನೋಡಬಹುದು. ನಾನು ಬಲ್ಲ ಒಬ್ಬ ವಿಧವೆ ತಾಯಿ ಕಪಾಟಿನಲ್ಲಿ ಮಲಗಿದ್ದ ಚಿನ್ನದ ಒಂದು ಭಾಗವನ್ನು ಮಾರಿ ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಸಿದರು. ಸಂಬಂಧಿಕರು ಬೈದರು. ಇಂದು ಆ ಬಾಡಿಗೆಯಲ್ಲಿ ಅವರ ಔಷಧದ ಖರ್ಚು ನಡೆಯುತ್ತಿದೆ, ಮಗನ ಮುಂದೆ ಕೈಚಾಚಬೇಕಾಗಿಲ್ಲ.

ಒಬ್ಬರಿಂದ ಆಗದಿದ್ದರೆ ಪಾಲುದಾರಿಕೆಯ ದಾರಿ ಇದೆ. ಮೂವರು ಸಹೋದರರು ಅಥವಾ ಗೆಳೆಯರು ಸೇರಿ ಒಂದು ಅಂಗಡಿ ಕೋಣೆಯನ್ನು ಕೊಂಡು, ಹೂಡಿದ ಪ್ರಮಾಣದಲ್ಲಿ ಬಾಡಿಗೆ ಹಂಚಿಕೊಳ್ಳಬಹುದು. ನಷ್ಟವನ್ನೂ ಅದೇ ಪ್ರಮಾಣದಲ್ಲಿ ಹೊರಬೇಕು. ಒಬ್ಬನಿಗೆ ನಿಶ್ಚಿತ ಮೊತ್ತವನ್ನು ಖಾತ್ರಿಪಡಿಸಿದರೆ ಅದು ಪಾಲುದಾರಿಕೆಯಾಗಿ ಉಳಿಯುವುದಿಲ್ಲ. ಆದರೆ ಎಲ್ಲರ ಹೆಸರೂ, ಪಾಲೂ ಕ್ರಯಪತ್ರದಲ್ಲಿ ಇರಲೇಬೇಕು. ನಮ್ಮಲ್ಲಿ ಇದೇ ಆಗುವುದಿಲ್ಲ. ಇಬ್ಬರು ತಮ್ಮಂದಿರು ಗಲ್ಫ್‌ನಿಂದ ಹಣ ಕಳಿಸುತ್ತಾರೆ, ಊರಲ್ಲಿರುವ ಅಣ್ಣನ ಹೆಸರಿಗೆ ನೋಂದಣಿಯಾಗುತ್ತದೆ. 'ನಮ್ಮಲ್ಲಿ ಬರವಣಿಗೆ ಏಕೆ, ವಿಶ್ವಾಸ ಇಲ್ಲವೇ?' ಎನ್ನುತ್ತಾರೆ. ಹದಿನೈದು ವರ್ಷಗಳ ಬಳಿಕ ಅಣ್ಣ ತೀರಿಕೊಂಡಾಗ ಅವನ ಮಕ್ಕಳಿಗೆ ಆ ವಿಶ್ವಾಸದ ಕತೆ ಗೊತ್ತಿರುವುದಿಲ್ಲ. ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ ಬಲ್ಲಿರಾ? ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ಇಟ್ಟುಕೊಳ್ಳುವ ಬಗ್ಗೆ. ವಿಶ್ವಾಸಿಗಳನ್ನು ಉದ್ದೇಶಿಸಿಯೇ ಅದು ಅವತೀರ್ಣವಾಗಿದೆ. ಬರೆದಿಡುವುದು ಅವಿಶ್ವಾಸವಲ್ಲ. ಅದು ವಿಶ್ವಾಸವನ್ನು ಉಳಿಸುವ ಕ್ರಮ.

ದಾಖಲೆಗಳ ಬಗ್ಗೆ ಎರಡು ಮಾತು. ಮೂಲ ಪತ್ರದಿಂದ ಇಂದಿನ ತನಕದ ಹಕ್ಕಿನ ಸರಪಳಿ, ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ, ಖಾತಾ, ತೆರಿಗೆ ರಶೀದಿ, ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆಯ ಆದೇಶ, ಕಟ್ಟಡದ ಮಂಜೂರಾದ ನಕ್ಷೆ ಇವಿಷ್ಟನ್ನೂ ನೋಡದೆ ಮುಂಗಡ ಕೊಡಬೇಡಿ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶಗಳಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಹೊಸ ಫ್ಲ್ಯಾಟ್ ಆಗಿದ್ದರೆ ಆ ಯೋಜನೆಯು 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಿ. ಮಾರುವವನು ಹಾಜಿಯೇ, ಮಸೀದಿ ಸಮಿತಿಯ ಸದಸ್ಯನೇ ಎಂಬುದು ದಾಖಲೆಗೆ ಬದಲಿಯಲ್ಲ. ಮಾರುವವನ ಸಹೋದರಿಯರು ಪಿತ್ರಾರ್ಜಿತ ಪಾಲು ಪಡೆದಿದ್ದಾರೆಯೇ ಎಂದು ವಿಶೇಷವಾಗಿ ವಿಚಾರಿಸಿ. ಅವರ ಪಾಲನ್ನು ನುಂಗಿದ ಮನೆಯನ್ನು ನೀವು ಕೊಂಡರೆ ನಾಳೆ ನ್ಯಾಯಾಲಯದಲ್ಲಿ ನೀವು, ನಾಡಿದ್ದು ಅಲ್ಲಾಹನ ಮುಂದೆ ಅವನು, ಇಬ್ಬರೂ ಉತ್ತರಿಸಬೇಕಾಗುತ್ತದೆ.

ಈಗ ನಾನು ನಮ್ಮಲ್ಲಿ ಬೇರೂರಿರುವ ಒಂದು ಪದ್ಧತಿಯ ಬಗ್ಗೆ ಹೇಳಲೇಬೇಕಾಗಿದೆ. ಭೋಗ್ಯ. ಬೆಂಗಳೂರಿನಲ್ಲಿ ಇದನ್ನು 'ಲೀಸ್' ಎನ್ನುತ್ತಾರೆ. ಮಾಲಕನು ಐದಾರು ಲಕ್ಷ ಪಡೆದು ಮನೆ ಕೊಡುತ್ತಾನೆ, ತಿಂಗಳ ಬಾಡಿಗೆ ಇಲ್ಲ, ಎರಡು ಮೂರು ವರ್ಷಗಳ ಬಳಿಕ ಪೂರ್ತಿ ಹಣ ವಾಪಸ್. ಕೊಟ್ಟವನು 'ಬಾಡಿಗೆ ಉಳಿಯಿತು' ಎನ್ನುತ್ತಾನೆ, ಪಡೆದವನು 'ಬಡ್ಡಿಯಿಲ್ಲದೆ ಹಣ ಸಿಕ್ಕಿತು' ಎನ್ನುತ್ತಾನೆ. ಇಬ್ಬರೂ ನಮಾಝಿಗಳೇ. ನಿಜವಾಗಿ ಇದೇನು? ಕೊಟ್ಟದ್ದು ಸಾಲ, ಪೂರ್ತಿ ಮರಳಿ ಬರುವಂಥದ್ದು. ಅದರ ಬದಲಿಗೆ ಅನುಭವಿಸುತ್ತಿರುವುದು ಮನೆಯ ಉಪಯೋಗ. ಸಾಲದ ಮೇಲೆ ಷರತ್ತಾಗಿ ಪಡೆಯುವ ಲಾಭ ಬಡ್ಡಿಯ ವ್ಯಾಪ್ತಿಗೆ ಬರುತ್ತದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ತತ್ವ. ನಮ್ಮ ನಾಡಿನ ದಾರುಲ್ ಇಫ್ತಾಗಳು ಸಾಮಾನ್ಯವಾಗಿ ಇದನ್ನು ಅನುಮತಿಸುವುದಿಲ್ಲ. ಮುಂಗಡ ಹೆಚ್ಚು ಕೊಟ್ಟಷ್ಟೂ ಬಾಡಿಗೆ ಕಡಿಮೆ ಮಾಡುವ 'ಅರ್ಧ ಭೋಗ್ಯ'ವೂ ಇದೇ ದಾರಿಯಲ್ಲಿದೆ. ಠೇವಣಿಯ ಬಡ್ಡಿಗೆ ಹೆದರುವ ನಾವು ಮನೆಯ ರೂಪದಲ್ಲಿ ಬಂದ ಬಡ್ಡಿಯನ್ನು ಗುರುತಿಸದೆ ಹೋದೆವು.

ಧರ್ಮದ ಮಾತು ಒತ್ತಟ್ಟಿಗಿರಲಿ, ಲೋಕದ ನಷ್ಟವನ್ನಾದರೂ ನೋಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಸ್ವಾಧೀನ ಸಹಿತವಾದ ಇಂತಹ ಅಡಮಾನವು ನೋಂದಣಿಯಾಗಬೇಕು. ಆದರೆ ಬಹುಪಾಲು ಭೋಗ್ಯಗಳು ಛಾಪಾ ಕಾಗದದ ಮೇಲೆ ನೋಟರಿಯ ಮುದ್ರೆಯೊಂದಿಗೆ ಮುಗಿಯುತ್ತವೆ. ಒಬ್ಬ ಆಟೋ ಚಾಲಕ ಪತ್ನಿಯ ಒಡವೆ ಮಾರಿ 6 ಲಕ್ಷಕ್ಕೆ ಭೋಗ್ಯ ಹಾಕಿಕೊಂಡಿದ್ದರು. ಅದೇ ಮನೆಯ ಮೇಲೆ ಮಾಲಕನು ಅದಕ್ಕೂ ಮುನ್ನ ಬ್ಯಾಂಕಿನಿಂದ ಸಾಲ ಪಡೆದಿದ್ದ. ಕಂತು ನಿಂತಿತು. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ವಶಪಡಿಸಿಕೊಳ್ಳಲು ಬಂದಾಗ ಈ ಕುಟುಂಬದ ಕೈಯಲ್ಲಿದ್ದದ್ದು ಒಂದು ಹಳದಿಯಾದ ಕಾಗದ ಮಾತ್ರ. ಮಕ್ಕಳ ಶಾಲಾ ಚೀಲಗಳನ್ನು ಬೀದಿಯಲ್ಲಿಟ್ಟುಕೊಂಡು ಅವರು ಕುಳಿತಿದ್ದನ್ನು ನಾನು ಕಂಡಿದ್ದೇನೆ. ಮಾಲಕ ಯಾರು? ಅನ್ಯನಲ್ಲ, ನಮ್ಮವನೇ. ಬಾಡಿಗೆ ಆದಾಯ ಆರಂಭಿಸಲು ಹೊರಟವರಿಗೆ ನನ್ನ ಕಳಕಳಿಯ ವಿನಂತಿ ಇಷ್ಟೆ: ನಿಮ್ಮ ಮನೆಯನ್ನು ಭೋಗ್ಯಕ್ಕೆ ಕೊಟ್ಟು ಆ ಹಣದಲ್ಲಿ ಇನ್ನೊಂದು ಮನೆ ಕಟ್ಟಲು ಹೋಗಬೇಡಿ. ಅದು ಬಂಡವಾಳವಲ್ಲ, ಇನ್ನೊಬ್ಬರ ಸೂರು.

ಬಾಡಿಗೆದಾರನ ಜೊತೆಗಿನ ಕರಾರಿಗೆ ಬರೋಣ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು. ಆದ್ದರಿಂದಲೇ ಹನ್ನೊಂದು ತಿಂಗಳ ಕರಾರು ರೂಢಿಯಾಗಿದೆ. ಅದರಲ್ಲಿ ಬಾಡಿಗೆ, ಮುಂಗಡ, ಏರಿಕೆಯ ಪ್ರಮಾಣ, ನೀರು ವಿದ್ಯುತ್ತಿನ ಹೊಣೆ, ದುರಸ್ತಿ ಯಾರದ್ದು, ಬಿಡಲು ಎಷ್ಟು ದಿನಗಳ ಸೂಚನೆ ಎಂಬುದೆಲ್ಲ ಸ್ಪಷ್ಟವಾಗಿರಲಿ. ಇಜಾರಾದಲ್ಲಿ ಮೊತ್ತವೂ ಅವಧಿಯೂ ಅಸ್ಪಷ್ಟವಾಗಿರಬಾರದು ಎಂಬ ಷರತ್ತು ಇರುವುದು ಜಗಳವನ್ನು ತಡೆಯಲಿಕ್ಕಾಗಿಯೇ. ಕರ್ನಾಟಕದ 1999ರ ಬಾಡಿಗೆ ಕಾಯ್ದೆಯ ರಕ್ಷಣೆ ಸಣ್ಣ ಮೊತ್ತದ ಬಾಡಿಗೆಗಳಿಗೆ ಸೀಮಿತವಾದುದರಿಂದ ಇಂದಿನ ಬಹುತೇಕ ಮನೆಗಳು ಅದರ ಹೊರಗಿವೆ. ಹೀಗಾಗಿ ನೀವು ಬರೆದುಕೊಂಡ ಕರಾರೇ ಮುಖ್ಯವಾಗುತ್ತದೆ. 2021ರಲ್ಲಿ ಕೇಂದ್ರ ಸರಕಾರ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದು ಹೇಳುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ಕಾನೂನಾಗಿ ಮಾಡಿಕೊಂಡರೆ ಮಾತ್ರ ಜಾರಿಯಾಗುತ್ತದೆ. ಆದರೆ ನ್ಯಾಯವಾಗಿ ನಡೆಯಲು ನಾವು ಕಾನೂನಿಗಾಗಿ ಕಾಯಬೇಕೇ? ಹತ್ತು ತಿಂಗಳ ಮುಂಗಡ ಪಡೆದು ಅದನ್ನು ಖರ್ಚು ಮಾಡಿ, ಬಿಟ್ಟುಹೋಗುವವನನ್ನು 'ಮುಂದಿನವನು ಬರಲಿ, ಕೊಡುತ್ತೇನೆ' ಎಂದು ಅಲೆದಾಡಿಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯ! ಮುಂಗಡ ನಿಮ್ಮ ಹಣವಲ್ಲ. ಅದನ್ನು ಮುಟ್ಟದೆ ಬೇರೆ ಇಡಿ.

ಬಣ್ಣದ ನೆಪದಲ್ಲಿ ಮುಂಗಡ ಮುರಿದುಕೊಳ್ಳುವುದೂ ಇಂಥದ್ದೇ ಒಂದು ರೋಗ. ಸಾಮಾನ್ಯ ಬಳಕೆಯಿಂದ ಗೋಡೆ ಮಾಸುವುದು ಸಹಜ. ಅದಕ್ಕಾಗಿಯೇ ನೀವು ಬಾಡಿಗೆ ಪಡೆದಿರುತ್ತೀರಿ. ಒಡೆದು ಹಾಕಿದ್ದಕ್ಕೆ ಮಾತ್ರ ಅವನು ಹೊಣೆ. ಪ್ರವೇಶದ ದಿನ ಮನೆಯ ಸ್ಥಿತಿಯನ್ನು ಪಟ್ಟಿ ಮಾಡಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಇಬ್ಬರೂ ಸಹಿ ಹಾಕಿದರೆ ಈ ಜಗಳ ಹುಟ್ಟುವುದೇ ಇಲ್ಲ.

ಸಹೋದರರೇ, ಇನ್ನು ಕಹಿಯಾದ ಒಂದು ವಿಷಯ. ಮುಸ್ಲಿಮನೆಂಬ ಕಾರಣಕ್ಕೆ ಮನೆ ನಿರಾಕರಿಸಲ್ಪಡುವ ನೋವು ನಮಗೆಲ್ಲ ಗೊತ್ತು. 2006ರ ಸಾಚಾರ್ ವರದಿಯೇ ಇದನ್ನು ಉಲ್ಲೇಖಿಸಿದೆ. ಹೌಸಿಂಗ್ ಸೊಸೈಟಿಯೊಂದು ತನ್ನ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಬಹುದೆಂದು 2005ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. ಗುಜರಾತಿನಲ್ಲಿ 1991ರ ಪ್ರಕ್ಷುಬ್ಧ ಪ್ರದೇಶಗಳ ಕಾಯ್ದೆಯ ಹೆಸರಲ್ಲಿ ಆಸ್ತಿ ವರ್ಗಾವಣೆಗೆ ಜಿಲ್ಲಾಧಿಕಾರಿಯ ಅನುಮತಿ ಬೇಕಾಗುತ್ತದೆ. ಖಾಸಗಿ ಮಾಲಕನ ಪೂರ್ವಗ್ರಹವನ್ನು ತಡೆಯುವ ಪರಿಣಾಮಕಾರಿ ಕಾನೂನು ನಮ್ಮಲ್ಲಿಲ್ಲ. ನಾನೂ ಮದುವೆಯಾದ ಹೊಸತರಲ್ಲಿ, ಫೋನಿನಲ್ಲಿ ಹೆಸರು ಹೇಳಿದ ಮರುಕ್ಷಣವೇ 'ಮನೆ ಹೋಗಿಬಿಟ್ಟಿದೆ' ಎಂಬ ಉತ್ತರವನ್ನು ಅನೇಕ ಬಾರಿ ಕೇಳಿದ್ದೇನೆ. ಈ ಅನ್ಯಾಯವನ್ನು ನಾವು ಪ್ರಶ್ನಿಸಲೇಬೇಕು.

ಆದರೆ ದುರಂತವೆಂದರೆ, ಈ ಅನ್ಯಾಯದ ಲಾಭ ಪಡೆಯುತ್ತಿರುವವರಲ್ಲಿ ನಾವೂ ಇದ್ದೇವೆ. ಬೇರೆಡೆ ಮನೆ ಸಿಗದ ಮುಸ್ಲಿಮ್ ಕುಟುಂಬ ನಮ್ಮ ಮೊಹಲ್ಲಾಕ್ಕೇ ಬರಬೇಕು ಎಂಬುದು ನಮ್ಮ ಮಾಲಕನಿಗೆ ಗೊತ್ತು. ಆದ್ದರಿಂದ ಗಾಳಿ ಬೆಳಕಿಲ್ಲದ ಕೋಣೆಗೆ ಒಳ್ಳೆಯ ಬಡಾವಣೆಯ ಬಾಡಿಗೆ ಕೇಳುತ್ತಾನೆ. ದಲಿತ ಕುಟುಂಬ ಬಂದರೆ ನೆಪ ಹೇಳುತ್ತಾನೆ. ತಲಾಕ್ ಆದ ಸಹೋದರಿ ಮಗುವಿನೊಂದಿಗೆ ಮನೆ ಕೇಳಿ ಬಂದರೆ 'ಗಂಡಸರಿಲ್ಲದ ಮನೆಗೆ ಕೊಡುವುದಿಲ್ಲ' ಎನ್ನುತ್ತಾನೆ. ಹೊರಗೆ ತಾರತಮ್ಯದ ವಿರುದ್ಧ ಘೋಷಣೆ ಕೂಗಿ, ಮನೆಯ ಬಾಗಿಲಲ್ಲಿ ಅದನ್ನೇ ಪಾಲಿಸುವವನ ದೂರನ್ನು ಯಾರು ಕೇಳುತ್ತಾರೆ? ಪ್ರವಾದಿವರ್ಯರು(ಸ) ನೆರೆಯವನ ಹಕ್ಕಿನ ಬಗ್ಗೆ ನೀಡಿದ ಎಚ್ಚರಿಕೆಗಳಲ್ಲಿ ನೆರೆಯವನ ಜಾತಿ ಧರ್ಮಗಳ ಷರತ್ತಿಲ್ಲ. ಬಾಡಿಗೆದಾರನು ಕೇವಲ ಗಿರಾಕಿಯಲ್ಲ, ನೀವೇ ಆರಿಸಿಕೊಂಡ ನೆರೆಯವನು. ಒಂದು ಹಿಂದೂ ಕುಟುಂಬ ನಿಮ್ಮ ಮಹಡಿಯಲ್ಲಿ ಐದು ವರ್ಷ ನೆಮ್ಮದಿಯಿಂದ ಬಾಳಿ ಹೋದರೆ, ಅದು ನೂರು ಸೌಹಾರ್ದ ಸಭೆಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಬಾಡಿಗೆ ಬರತೊಡಗಿದ ಮೇಲೆ ಮೂರು ಹಕ್ಕುಗಳು ಅದರ ಮೇಲೆ ಬೀಳುತ್ತವೆ. ಒಂದು, ಸರಕಾರದ್ದು. ಬಾಡಿಗೆ ಆದಾಯವನ್ನು ಆದಾಯ ತೆರಿಗೆಯ ವಿವರದಲ್ಲಿ ತೋರಿಸಬೇಕು. ಪಾವತಿಸಿದ ಆಸ್ತಿ ತೆರಿಗೆಯನ್ನು ಕಳೆದು ಉಳಿದದ್ದರಲ್ಲಿ ಶೇ. 30ನ್ನು ನಿರ್ವಹಣೆಗೆಂದು ಕಾನೂನೇ ಬಿಟ್ಟುಕೊಡುತ್ತದೆ. ಹೀಗಿರುವಾಗ ಸುಳ್ಳು ಹೇಳುವ ಅಗತ್ಯವೇನು? ಎರಡನೆಯದು ಝಕಾತ್. ಬಾಡಿಗೆಗೆಂದು ಇರುವ ಮನೆಯ ಬೆಲೆಯ ಮೇಲೆ ಝಕಾತ್ ಇಲ್ಲ. ಅದರಿಂದ ಬಂದು, ಖರ್ಚಾಗದೆ ಉಳಿದ ಹಣ ನಿಮ್ಮ ಇತರ ಸಂಪತ್ತಿನೊಂದಿಗೆ ಸೇರಿ ನಿಸಾಬ್ ತಲಪಿ ವರ್ಷ ದಾಟಿದರೆ ಶೇ. 2.5 ಕೊಡಬೇಕು. ಆದರೆ ಮಾರಿ ಲಾಭ ಗಳಿಸುವ ಉದ್ದೇಶದಿಂದಲೇ ಕೊಂಡಿಟ್ಟ ನಿವೇಶನ ವ್ಯಾಪಾರದ ಸರಕಾಗುತ್ತದೆ. ಅದರ ಪೇಟೆ ಬೆಲೆಯ ಮೇಲೆ ಝಕಾತ್ ಇದೆ ಎಂಬುದನ್ನು ನಿವೇಶನದ ಮೇಲೆ ನಿವೇಶನ ಕೊಳ್ಳುವವರು ಮರೆಯುತ್ತಾರೆ.

ಮೂರನೆಯದು ವಾರಸುದಾರರ ಹಕ್ಕು. ಇದು ನನ್ನ ಮಾತಿನ ಅತ್ಯಂತ ಮುಖ್ಯ ಭಾಗ. ತಂದೆ ತೀರಿಕೊಂಡರು. ಬಾಡಿಗೆ ಮನೆಯಿಂದ ತಿಂಗಳಿಗೆ 16 ಸಾವಿರ ಬರುತ್ತಿದೆ. ಹಿಂದೆ ಉಳಿದವರು ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಅನ್ನಿಸಾ ಅಧ್ಯಾಯದ ನಿಯಮದಂತೆ ತಾಯಿಗೆ ಎಂಟನೇ ಒಂದು, ಅಂದರೆ 2 ಸಾವಿರ. ಉಳಿದ 14 ಸಾವಿರದಲ್ಲಿ ಮಗನಿಗೆ 7 ಸಾವಿರ, ಹೆಣ್ಣುಮಕ್ಕಳಿಗೆ ತಲಾ ಮೂರೂವರೆ ಸಾವಿರ. ಇದು ಆಸ್ತಿ ಪಾಲಾದ ಮೇಲೆ ಆರಂಭವಾಗುವ ಹಕ್ಕಲ್ಲ. ತಂದೆ ತೀರಿದ ದಿನದಿಂದಲೇ ಬಂದದ್ದು. ಆದರೆ ವಾಸ್ತವದಲ್ಲಿ ಏನಾಗುತ್ತದೆ? ಮಗ ಪೂರ್ತಿ 16 ಸಾವಿರವನ್ನೂ ಪಡೆಯುತ್ತಾನೆ. ಹತ್ತು ವರ್ಷಗಳಲ್ಲಿ ಪ್ರತಿ ಸಹೋದರಿಯ 4 ಲಕ್ಷ 20 ಸಾವಿರ ಅವನ ಹೊಟ್ಟೆ ಸೇರಿರುತ್ತದೆ. ಪೆರ್ನಾಳ್‌ಗೆ ಒಂದು ಸೀರೆ ಕೊಟ್ಟು 'ತಂಗಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ' ಎನ್ನುತ್ತಾನೆ. ವೈಯಕ್ತಿಕ ಕಾನೂನನ್ನು ಮುಟ್ಟಬೇಡಿ ಎಂದು ನಾವು ಬೀದಿಗಿಳಿಯುತ್ತೇವೆ. ಆದರೆ ಆ ಕಾನೂನು ಹೆಣ್ಣಿಗೆ ಕೊಟ್ಟದ್ದನ್ನು ಮೊದಲು ಮುಟ್ಟಿದವರು ಯಾರು? ಆದ್ದರಿಂದ ಬಾಡಿಗೆ ಮನೆ ಮಾಡಿದ ಪ್ರತಿಯೊಬ್ಬ ತಂದೆಯೂ ಅದರ ದಾಖಲೆಗಳನ್ನೂ ಕರಾರನ್ನೂ ಪತ್ನಿ ಮತ್ತು ಹೆಣ್ಣುಮಕ್ಕಳಿಗೆ ತೋರಿಸಿ, ಯಾರಿಗೆ ಎಷ್ಟು ಹಕ್ಕಿದೆ ಎಂಬುದನ್ನು ಬದುಕಿರುವಾಗಲೇ ತಿಳಿಸಬೇಕು.

ಕೊನೆಯದಾಗಿ ಒಂದು ನೆನಪು. ಉಮರ್(ರ)ರಿಗೆ ಖೈಬರ್‌ನಲ್ಲಿ ಬೆಲೆಬಾಳುವ ಜಮೀನು ಸಿಕ್ಕಿತು. ಏನು ಮಾಡಲೆಂದು ಅವರು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಮೂಲವನ್ನು ಉಳಿಸಿಕೊಂಡು ಫಲವನ್ನು ದಾನ ಮಾಡುವ ದಾರಿಯನ್ನು ಪ್ರವಾದಿವರ್ಯರು(ಸ) ತೋರಿಸಿದರು. ವಕ್ಫ್‌ನ ಪರಂಪರೆಯ ಬೇರು ಅಲ್ಲಿದೆ. ಇಂದು ವಕ್ಫ್ ಕಾನೂನಿನ ಹಸ್ತಕ್ಷೇಪದ ವಿರುದ್ಧ ನಾವು ಸರಿಯಾಗಿಯೇ ದನಿಯೆತ್ತುತ್ತಿದ್ದೇವೆ. ಆದರೆ ಮಸೀದಿಯ ಅಂಗಡಿ ಕೋಣೆಯನ್ನು ಅಜ್ಜನ ಕಾಲದ ಬಾಡಿಗೆಗೆ ಹಿಡಿದುಕೊಂಡು, ಅದನ್ನೇ ಇನ್ನೊಬ್ಬನಿಗೆ ಹತ್ತು ಪಟ್ಟಿಗೆ ಒಳಬಾಡಿಗೆ ಕೊಟ್ಟವನು ನಮ್ಮ ಸಫ್‌ನಲ್ಲೇ ನಿಂತಿರುತ್ತಾನೆ. ಅಂಥವನಿಗೆ ಹೊಸ ಬಾಡಿಗೆ ಮನೆ ಕಟ್ಟುವ ಉಪದೇಶದ ಅಗತ್ಯವಿಲ್ಲ. ಹಳೆಯ ಬಾಡಿಗೆಯನ್ನು ಸರಿಪಡಿಸುವ ಉಪದೇಶ ಸಾಕು.

ಮನೆ ಕಟ್ಟಿರಿ. ಒಂದು ಕೋಣೆಯಿಂದಲೇ ಆರಂಭಿಸಿರಿ. ಲೆಕ್ಕ ಮಾಡಿ, ಬರೆದಿಟ್ಟು, ಬಡ್ಡಿಯನ್ನೂ ಭೋಗ್ಯವನ್ನೂ ದೂರವಿಟ್ಟು ಆರಂಭಿಸಿರಿ. ಬಾಡಿಗೆದಾರನು ಮನೆ ಬಿಟ್ಟು ಹೋಗುವ ದಿನ ಮುಂಗಡವನ್ನು ಎಣಿಸಿ ಅವನ ಕೈಗಿಡುವಾಗ ಅವನು ನಿಮಗೆ ಮನಸಾರೆ ದುಆ ಮಾಡಿ ಹೋದರೆ, ಆ ಮನೆ ನಿಮಗೆ ನಷ್ಟ ತಂದಿಲ್ಲ ಎಂದು ತಿಳಿಯಿರಿ.

ಅಲ್ಲಾಹನು ನಮ್ಮ ಗಳಿಕೆಯಲ್ಲಿ ಬರಕತ್ ಅನುಗ್ರಹಿಸಲಿ. ಆಮೀನ್.